ಬೀದಿ ಬದಿಯ ತಿಂಡಿ ಮತ್ತು ಮೂರು ತಲೆಮಾರುಗಳ ಸ್ವಚ್ಛತೆಯ ಕಲ್ಪನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿ ಬದಿಯ ತಿಂಡಿ ಎಂದಾಗ ಯಾವುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ತಳ್ಳುಗಾಡಿ, ತಲೆಯ ಮೇಲಿನ ಬುಟ್ಟಿ, ಸೈಕಲ್ಲಿನ ಡಬ್ಬಿ, ರಸ್ತೆಯಂಚಿನ ಪೆಟ್ಟಿಗೆ ಅಂಗಡಿ, ಸಂತೆ ಮತ್ತು ಜಾತ್ರೆಗಳಲ್ಲಿ ಎದ್ದು ನಿಲ್ಲುವ ತಾತ್ಕಾಲಿಕ ಮಳಿಗೆ, ಇವುಗಳಲ್ಲಿ ಮಾರಾಟವಾಗುವ, ಹೆಚ್ಚಾಗಿ ನಿಂತಲ್ಲೇ ತಿನ್ನುವ ಎಲ್ಲವೂ ಇದರಲ್ಲಿ ಸೇರುತ್ತದೆ. ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿ ಬೀದಿಯ ಮಸಾಲಪುರಿ, ಮೈಸೂರಿನ ಚುರುಮುರಿ, ದಾವಣಗೆರೆಯ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ, ಹುಬ್ಬಳ್ಳಿಯ ಗಿರ್ಮಿಟ್ಟು, ಸಂಜೆಯಾದೊಡನೆ ಪ್ರತಿ ಊರಿನ ಬಸ್ ನಿಲ್ದಾಣದ ಎದುರು ಕಾಣಿಸಿಕೊಳ್ಳುವ ಗೋಬಿ ಮತ್ತು ಎಗ್ ರೈಸ್ ಗಾಡಿಗಳು, ಎಲ್ಲವೂ.

ಒಂದೇ ಗಾಡಿಯನ್ನು ಅಜ್ಜಿ, ತಾಯಿ ಮತ್ತು ಮೊಮ್ಮಗ ಬೇರೆ ಬೇರೆಯಾಗಿ ಅಳೆಯುವುದು ಏಕೆ?

ಸ್ವಚ್ಛತೆಯನ್ನು ಗುರುತಿಸುವ ಕಣ್ಣು ಹುಟ್ಟಿನಿಂದ ಬಂದದ್ದಲ್ಲ. ಯಾವ ಕಾಲದಲ್ಲಿ, ಯಾವ ಕಾಯಿಲೆಯ ಭಯದಲ್ಲಿ ಬೆಳೆದೆವೋ ಅದಕ್ಕೆ ತಕ್ಕಂತೆ ಅದು ಪಳಗುತ್ತದೆ. ಈಗ ಎಪ್ಪತ್ತು ದಾಟಿರುವ ಅನೇಕರಿಗೆ ಬಾಲ್ಯದಲ್ಲಿ ಹೊರಗೆ ತಿನ್ನುವುದೇ ಅಪರೂಪವಾಗಿತ್ತು. ಆದ್ದರಿಂದ ಅವರು ಮೊದಲು ಕೇಳುವುದು ಮಾಡಿದವರು ಯಾರು, ಯಾವಾಗ ಮಾಡಿದ್ದು, ನಮ್ಮ ಕಣ್ಣೆದುರೇ ಬೇಯಿಸುತ್ತಾರೆಯೇ, ಎಂಜಲು ತಾಗಿದೆಯೇ ಎಂಬುದನ್ನು. ನಲವತ್ತು, ಐವತ್ತರ ಆಸುಪಾಸಿನವರು ಟೈಫಾಯ್ಡ್ ಮತ್ತು ಕಾಮಾಲೆಯ ಎಚ್ಚರಿಕೆಗಳನ್ನು ಕೇಳುತ್ತಾ, ಮನೆಗೆ ನೀರು ಶುದ್ಧೀಕರಿಸುವ ಯಂತ್ರ ಬಂದದ್ದನ್ನು ನೋಡುತ್ತಾ ಬೆಳೆದವರು. ಅವರ ನೋಟ ನೇರವಾಗಿ ತಟ್ಟೆ ಅದ್ದುವ ಬಕೆಟ್ಟಿನ ನೀರಿನ ಮೇಲೆ ಮತ್ತು ಬಾಣಲೆಯ ಎಣ್ಣೆಯ ಬಣ್ಣದ ಮೇಲೆ ಬೀಳುತ್ತದೆ. ಕಾಲೇಜು ವಯಸ್ಸಿನವರು ಗಾಡಿಯ ಮುಂದಿನ ಜನಜಂಗುಳಿ, ಮಾರುವವನ ಕೈಗವಸು, ಮೊಬೈಲಿನಲ್ಲಿ ನೋಡಿದ ವಿಡಿಯೊ ಮತ್ತು ಗೆಳೆಯರ ಶಿಫಾರಸು ಇವುಗಳನ್ನು ನಂಬುತ್ತಾರೆ.

ಈ ವಿಂಗಡಣೆಯನ್ನು ಗೆರೆ ಎಳೆದಂತೆ ತೆಗೆದುಕೊಳ್ಳಬಾರದು. ವಯಸ್ಸಿಗಿಂತ ಅಗತ್ಯವೇ ಅಭ್ಯಾಸವನ್ನು ಹೆಚ್ಚು ನಿರ್ಧರಿಸುವ ಸಂದರ್ಭಗಳು ಬಹಳ ಇವೆ. ಕಟ್ಟಡ ಕಾರ್ಮಿಕನಿಗೆ ಅಥವಾ ಬೆಳಗಿನ ಪಾಳಿಯ ಆಟೊ ಚಾಲಕನಿಗೆ ಗಾಡಿಯ ಚಿತ್ರಾನ್ನ ಮತ್ತು ತಟ್ಟೆ ಇಡ್ಲಿ ಬಾಯಿಚಪಲವಲ್ಲ, ಅದೇ ಊಟ. ಅವರ ವಯಸ್ಸು ಇಪ್ಪತ್ತಿದ್ದರೂ ಅರವತ್ತಿದ್ದರೂ ಆಯ್ಕೆ ಅಷ್ಟೇ ಸಣ್ಣದು. ಆದರೂ ಮೂರು ನೋಟಗಳಲ್ಲಿ ಪ್ರತಿಯೊಂದರಲ್ಲೂ ಒಂದು ಪಾಲು ಸತ್ಯವಿದೆ, ಮತ್ತು ಪ್ರತಿಯೊಬ್ಬರೂ ತಮ್ಮ ಪಾಲನ್ನೇ ಪೂರ್ಣ ಸತ್ಯವೆಂದು ತಿಳಿಯುವುದರಿಂದಲೇ ಮನೆಯಲ್ಲಿ ವಾದವೂ ಹೊಟ್ಟೆಯಲ್ಲಿ ತೊಂದರೆಯೂ ಹುಟ್ಟುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಿರಿಯರ ಮಡಿಯ ಕಲ್ಪನೆಗೂ ಆರೋಗ್ಯದ ಸ್ವಚ್ಛತೆಗೂ ಸಂಬಂಧವಿದೆಯೇ?

ಭಾಗಶಃ ಇದೆ. ಅಡುಗೆಗೆ ಮುಂಚೆ ಸ್ನಾನ ಮಾಡುವುದು, ಕೈ ತೊಳೆಯುವುದು, ಎಂಜಲು ಕೈಯನ್ನು ಪಾತ್ರೆಗೆ ಹಾಕದಿರುವುದು, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು, ರಾತ್ರಿ ಉಳಿದದ್ದನ್ನು ಬೆಳಗ್ಗೆ ಮುಟ್ಟದಿರುವುದು, ಇವೆಲ್ಲ ಸೋಂಕನ್ನು ತಡೆಯುವ ಅಭ್ಯಾಸಗಳೇ. ಆದರೆ ಅದೇ ಮಡಿಯೊಳಗೆ ಮಾಡಿದವರ ಜಾತಿಯನ್ನು ವಿಚಾರಿಸುವ ಪ್ರಶ್ನೆಯೂ ಅಡಗಿತ್ತು, ಮತ್ತು ಆ ಪ್ರಶ್ನೆಗೂ ಸ್ವಚ್ಛತೆಗೂ ಯಾವ ಸಂಬಂಧವೂ ಇಲ್ಲ. ಬ್ಯಾಕ್ಟೀರಿಯಾ ಯಾರ ಕುಲವನ್ನೂ ಕೇಳುವುದಿಲ್ಲ. ಅಜ್ಜ ಅಜ್ಜಿಯರಿಂದ ಮೊದಲನೆಯದನ್ನು ಕಲಿತು ಎರಡನೆಯದನ್ನು ಬಿಡುವುದು ಕಿರಿಯರ ಹೊಣೆ.

"ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಎಲ್ಲ ತಿಂದೆವು, ನಮಗೇನೂ ಆಗಲಿಲ್ಲ" ಎನ್ನುವುದು ಸರಿಯೇ?

ಹೇಳುವವರ ಮಟ್ಟಿಗೆ ಅದು ನಿಜವಿರಬಹುದು, ಆದರೆ ಅದರಿಂದ ಮೊಮ್ಮಕ್ಕಳಿಗೂ ಏನೂ ಆಗದು ಎಂದು ತೀರ್ಮಾನಿಸುವಂತಿಲ್ಲ. ಇದಕ್ಕೆ ಹೆಪಟೈಟಿಸ್ ಎ ಅತ್ಯುತ್ತಮ ಉದಾಹರಣೆ. ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ಹರಡುವ ಈ ವೈರಸ್ ಚಿಕ್ಕ ಮಕ್ಕಳಿಗೆ ತಗುಲಿದಾಗ ಸಾಮಾನ್ಯವಾಗಿ ಯಾವ ಲಕ್ಷಣವೂ ಇಲ್ಲದೆ, ಅಥವಾ ಸಣ್ಣ ಜ್ವರದಂತೆ ಬಂದು ಹೋಗಿ, ಜೀವನಪರ್ಯಂತ ರಕ್ಷಣೆಯನ್ನು ಉಳಿಸಿಹೋಗುತ್ತದೆ. ಹಿಂದಿನ ತಲೆಮಾರಿನ ಬಹುಪಾಲು ಭಾರತೀಯರಿಗೆ ಈ ಸೋಂಕು ಬಾಲ್ಯದಲ್ಲೇ, ಅವರಿಗೆ ಗೊತ್ತಾಗದಂತೆಯೇ ಆಗಿಹೋಗಿತ್ತು. ಇಂದು ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಶುದ್ಧ ನೀರು ಕುಡಿದು ಬೆಳೆದ ಮಕ್ಕಳು ಈ ವೈರಸ್ಸನ್ನು ಎದುರಿಸದೆಯೇ ಇಪ್ಪತ್ತು ದಾಟುತ್ತಾರೆ, ಆಮೇಲೆ ಹಾಸ್ಟೆಲ್ಲಿಗೋ ಉದ್ಯೋಗಕ್ಕೋ ಹೋದಲ್ಲಿ ಮೊದಲ ಸಲ ಅದು ತಗುಲಿದಾಗ ವಾರಗಟ್ಟಲೆ ಹಾಸಿಗೆ ಹಿಡಿಸುವ ಕಾಮಾಲೆಯಾಗಿ ಪರಿಣಮಿಸುತ್ತದೆ. ಅಂದರೆ ಒಂದೇ ತಟ್ಟೆಯಿಂದ ತಿಂದ ಅಜ್ಜನಿಗೆ ಏನೂ ಆಗದೆ ಮೊಮ್ಮಗ ಮಾತ್ರ ಮಲಗಿದರೆ ಅದರಲ್ಲಿ ಆಶ್ಚರ್ಯವಿಲ್ಲ, ಮತ್ತು ಅದು ಮೊಮ್ಮಗನ ನಾಜೂಕುತನವೂ ಅಲ್ಲ. ಈ ಕಾಯಿಲೆಗೂ ಟೈಫಾಯ್ಡ್‌ಗೂ ಲಸಿಕೆಗಳಿವೆ. ಹೊರಗೆ ತಿನ್ನುವುದು ಅನಿವಾರ್ಯವಾದ ವಿದ್ಯಾರ್ಥಿಗಳು ಹೊರಡುವ ಮುನ್ನ ವೈದ್ಯರನ್ನು ಇದರ ಬಗ್ಗೆ ಕೇಳುವುದು ಒಳ್ಳೆಯದು.

ಇನ್ನೊಂದು ನೋವಿನ ಸಂಗತಿಯನ್ನೂ ಮರೆಯಬಾರದು. ಅಂದು ವಾಂತಿಭೇದಿಯಿಂದ ತೀರಿಕೊಂಡ ಮಕ್ಕಳು ಇಂದು ತಮ್ಮ ಅನುಭವ ಹೇಳಲು ಉಳಿದಿಲ್ಲ. ಏನೂ ಆಗಲಿಲ್ಲ ಎನ್ನುವವರು ಬದುಕಿ ಉಳಿದವರು ಮಾತ್ರ.

ಜನ ಮುಗಿಬಿದ್ದಿರುವ ಗಾಡಿ ಸುರಕ್ಷಿತವೆಂಬ ಯುವಕರ ಲೆಕ್ಕಾಚಾರ ಎಷ್ಟು ಸರಿ?

ಅರ್ಧ ಸರಿ. ವ್ಯಾಪಾರ ಬಿರುಸಾಗಿದ್ದರೆ ಮಾಡಿದ್ದು ಬೇಗ ಖರ್ಚಾಗುತ್ತದೆ, ಬೇಯಿಸಿದ ಆಹಾರ ಗಂಟೆಗಟ್ಟಲೆ ಬೆಚ್ಚಗೆ ಕುಳಿತಿರುವುದಿಲ್ಲ. ಇದು ಸಣ್ಣ ಲಾಭವಲ್ಲ, ಏಕೆಂದರೆ 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ಉಷ್ಣಾಂಶದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಬೇಯಿಸಿ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಉತ್ಪತ್ತಿಮಾಡುವ ವಾಂತಿಕಾರಕ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ. ಮಧ್ಯಾಹ್ನವೇ ಬೇಯಿಸಿ ರಾಶಿ ಹಾಕಿದ ಅನ್ನದಿಂದ ರಾತ್ರಿ ಹತ್ತಕ್ಕೆ ಎಗ್ ರೈಸ್ ಕಲಸುವಲ್ಲಿ ಅಪಾಯವಿರುವುದು ಮೊಟ್ಟೆಯಲ್ಲಿ ಎಂದು ಹಲವರು ತಿಳಿಯುತ್ತಾರೆ, ಆದರೆ ಹೆಚ್ಚು ಗಮನಿಸಬೇಕಾದದ್ದು ಆ ಅನ್ನವನ್ನು. ಇನ್ನರ್ಧ ಲೆಕ್ಕ ತಪ್ಪುವುದು ನೀರಿನ ವಿಷಯದಲ್ಲಿ. ಜನ ಹೆಚ್ಚಾದಷ್ಟೂ ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆದ ತಟ್ಟೆಗಳ ಸಂಖ್ಯೆಯೂ ಹೆಚ್ಚುತ್ತದೆ, ಮಾರುವವನಿಗೆ ಕೈ ತೊಳೆಯಲು ಬಿಡುವೂ ಸಿಗುವುದಿಲ್ಲ.

ಕೈಗವಸು ಹಾಕಿಕೊಂಡವರನ್ನು ನಂಬಬಹುದೇ?

2020ರ ಕೋವಿಡ್ ನಂತರ ಕೈಗವಸು ಸ್ವಚ್ಛತೆಯ ಗುರುತಾಗಿಬಿಟ್ಟಿದೆ, ವಿಶೇಷವಾಗಿ ಕಿರಿಯರ ಕಣ್ಣಿಗೆ. ಅದೇ ಕೈಗವಸಿನಲ್ಲಿ ಗ್ಯಾಸ್ ಹೊತ್ತಿಸಿ, ಬಟ್ಟೆಯಿಂದ ಗಾಡಿ ಒರೆಸಿ, ಬೆವರು ಒರೆಸಿಕೊಂಡು, ಮತ್ತೆ ಪುರಿ ಒಡೆದರೆ ಅದು ಬರಿಗೈಗಿಂತ ಉತ್ತಮವೇನಲ್ಲ. ಬರಿಗೈ ಜಿಡ್ಡಾದರೆ ತೊಳೆಯಬೇಕೆನ್ನಿಸುತ್ತದೆ, ಕೈಗವಸಿನೊಳಗಿನ ಕೈಗೆ ಅದು ತಿಳಿಯುವುದೂ ಇಲ್ಲ. ಸೋಪಿನಿಂದ ಕೈ ತೊಳೆಯುವುದಕ್ಕೆ ಬದಲಿಯಾಗಿ ಕೈಗವಸನ್ನು ಬಳಸುವಂತಿಲ್ಲ. ನೋಡಬೇಕಾದದ್ದು ಗಾಡಿಯಲ್ಲಿ ಸೋಪು ಮತ್ತು ನಲ್ಲಿ ಇರುವ ಡ್ರಮ್ಮು ಇದೆಯೇ ಎಂಬುದನ್ನು.

ದುಡ್ಡು ಮುಟ್ಟಿದ ಕೈಯಿಂದಲೇ ತಿಂಡಿ ಕೊಡುತ್ತಾರೆ ಎಂಬ ಹಳೆಯ ದೂರು ಈಗಲೂ ಉಳಿದಿದೆಯೇ?

ನಗರಗಳಲ್ಲಿ ಬಹಳ ಮಟ್ಟಿಗೆ ಕಡಿಮೆಯಾಗಿದೆ. ಕ್ಯೂಆರ್ ಕೋಡ್ ಮತ್ತು ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆಯಿಂದಾಗಿ ಮಾರುವವನು ನೋಟು, ಚಿಲ್ಲರೆ ಮುಟ್ಟುವುದು ಕಡಿಮೆಯಾಯಿತು. ಸ್ವಚ್ಛತೆಯ ಉದ್ದೇಶವೇ ಇಲ್ಲದೆ ಬಂದ ಒಂದು ವ್ಯವಸ್ಥೆ ಸ್ವಚ್ಛತೆಗೆ ಹೀಗೆ ನೆರವಾದದ್ದು ಸಂತೋಷದ ವಿಷಯ. ಹಿರಿಯ ಗಿರಾಕಿಗಳು ಮಾತ್ರ ಇನ್ನೂ ನೋಟನ್ನೇ ಕೊಡುತ್ತಾರೆ; ಅಂಥ ಕಡೆ ದುಡ್ಡಿಗೆ ಒಬ್ಬರು, ತಿಂಡಿಗೆ ಇನ್ನೊಬ್ಬರು ಇರುವ ಗಾಡಿ ಮೇಲು.

ಪಾನಿಪುರಿ, ಚುರುಮುರಿ, ಬಜ್ಜಿ, ಇವುಗಳಲ್ಲಿ ಯಾವುದು ಹೆಚ್ಚು ಅಪಾಯಕಾರಿ?

ಸೋಂಕಿನ ದೃಷ್ಟಿಯಿಂದ ಕೇಳಿದರೆ, ಕುದಿಯುವ ಎಣ್ಣೆಯಿಂದ ಆಗತಾನೆ ತೆಗೆದ ಬಜ್ಜಿ, ಹಬೆಯಾಡುವ ಇಡ್ಲಿ, ಕಾವಲಿಯಿಂದ ನೇರವಾಗಿ ಎಲೆಗೆ ಬಂದ ದೋಸೆ ಮತ್ತು ಪಡ್ಡು ಇವು ಎಲ್ಲಕ್ಕಿಂತ ಸುರಕ್ಷಿತ. ಬಿಸಿ ಬಿಸಿಯಾಗಿ ಕಣ್ಣೆದುರೇ ಮಾಡಿದ್ದನ್ನು ಮಾತ್ರ ತಿನ್ನಬೇಕೆಂಬ ಅಜ್ಜಿಯ ಮಾತಿಗೆ ವಿಜ್ಞಾನದ ಪೂರ್ಣ ಬೆಂಬಲವಿದೆ. ಆದರೆ ಅದೇ ಇಡ್ಲಿಯ ಪಕ್ಕದಲ್ಲಿ ಬೆಳಗಿನಿಂದ ಕುಳಿತಿರುವ ಕಾಯಿ ಚಟ್ನಿಗೆ ಆ ಮಾತು ಅನ್ವಯಿಸುವುದಿಲ್ಲ.

ಪಾನಿಪುರಿಯಲ್ಲಿ ಪುರಿ ಒಣಗಿದ್ದು, ಅದರಿಂದ ತೊಂದರೆ ಕಡಿಮೆ. ಪಾನಿ ಮಾತ್ರ ಬೇಯಿಸದ ನೀರು, ಅದರೊಳಗೆ ಅರೆದ ಹಸಿ ಪುದೀನ ಮತ್ತು ಕೊತ್ತಂಬರಿ, ಅದಕ್ಕೆ ಮೊಣಕೈವರೆಗೂ ಮುಳುಗುವ ಕೈ. ಹುಣಸೆಹುಳಿಯೂ ಉಪ್ಪೂ ಕ್ರಿಮಿಗಳ ಬೆಳವಣಿಗೆಯನ್ನು ಸ್ವಲ್ಪ ನಿಧಾನಗೊಳಿಸುತ್ತವೆ, ಆದರೆ ಅದನ್ನು ರಕ್ಷಣೆಯೆಂದು ನೆಚ್ಚಿಕೊಳ್ಳುವಂತಿಲ್ಲ. ಚುರುಮುರಿಯಲ್ಲಿ ಹೆಚ್ಚಿಟ್ಟ ಹಸಿ ಈರುಳ್ಳಿ, ತುರಿದ ಕ್ಯಾರೆಟ್ ಮತ್ತು ಕಲಸುವ ಕೈ. ಹೆಚ್ಚಿಟ್ಟ ಹಣ್ಣಿನಲ್ಲಿ ಚಾಕು ಮತ್ತು ಚಿಮುಕಿಸುವ ನೀರು. ಕಬ್ಬಿನ ಹಾಲಿನಲ್ಲಿ ಮಂಜುಗಡ್ಡೆ. ಅದು ಮೀನು ಕೆಡದಂತೆ ಇಡಲು ತಯಾರಿಸಿದ ಮಂಜುಗಡ್ಡೆಯೂ ಆಗಿರಬಹುದು, ಅಂಥದಕ್ಕೆ ಕುಡಿಯುವ ನೀರನ್ನೇ ಬಳಸಿರುತ್ತಾರೆಂಬ ಖಾತರಿಯಿಲ್ಲ, ಆದ್ದರಿಂದ ಕಬ್ಬಿನ ಹಾಲನ್ನು ಮಂಜುಗಡ್ಡೆಯಿಲ್ಲದೆ ಕೇಳುವುದು ಸರಳವಾದ ಎಚ್ಚರಿಕೆ. ಹಣ್ಣು ಮತ್ತು ಕಬ್ಬಿನ ಹಾಲನ್ನು ಆರೋಗ್ಯಕರವೆಂದೂ ಬಜ್ಜಿಯನ್ನು ಕೊಳಕೆಂದೂ ಭಾವಿಸುವ ಮಧ್ಯವಯಸ್ಕರು ಇಲ್ಲಿ ಎಡವುತ್ತಾರೆ: ಪೌಷ್ಟಿಕತೆಯ ಪಟ್ಟಿ ಬೇರೆ, ಸೋಂಕಿನ ಪಟ್ಟಿ ಬೇರೆ.

ಹಾಗಾದರೆ ಕರಿದದ್ದನ್ನು ಎಷ್ಟು ಬೇಕಾದರೂ ತಿನ್ನಬಹುದೇ?

ಇಲ್ಲ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹಾನಿಕರ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಗಿರಾಕಿಯ ಬಳಿ ಅದನ್ನು ಅಳೆಯುವ ಉಪಕರಣವಿಲ್ಲ, ಆದರೆ ಕಡುಗಪ್ಪಾಗಿ, ಅಂಟಂಟಾಗಿ, ಹೊಗೆಯಾಡುತ್ತಾ ನೊರೆಗಟ್ಟಿದ ಎಣ್ಣೆಯನ್ನು ಯಾರೂ ಗುರುತಿಸಬಲ್ಲರು. ಹಾಗೆಯೇ ಬಜ್ಜಿಯನ್ನು ದಿನಪತ್ರಿಕೆಯಲ್ಲಿ ಸುತ್ತಿಕೊಡುವುದು. ಐವತ್ತು ದಾಟಿದವರಿಗೆ ಪತ್ರಿಕೆಯ ಪೊಟ್ಟಣ ಬಾಲ್ಯದ ನೆನಪಿನ ಭಾಗ, ಆದರೆ ಅಚ್ಚಿನ ಶಾಯಿ ಬಿಸಿ ಎಣ್ಣೆಯೊಂದಿಗೆ ಆಹಾರಕ್ಕೆ ಇಳಿಯುತ್ತದೆ. 2018ರ ಪ್ಯಾಕೇಜಿಂಗ್ ನಿಯಮಗಳು ಅದನ್ನು ನಿಷೇಧಿಸಿವೆ. ಬಾಳೆ ಎಲೆ, ಮುತ್ತುಗದ ಎಲೆ ಇರುವ ಊರಿನಲ್ಲಿ ಪತ್ರಿಕೆಗಾಗಲಿ, ತಟ್ಟೆಯ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಗಾಗಲಿ ಅಗತ್ಯವೇ ಇಲ್ಲ.

ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣದ ವಿಷಯ ಏನು?

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನೂ ಬಣ್ಣ ಹಾಕಿದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ಅದಕ್ಕೆ ಮುಂಚೆ ಪರೀಕ್ಷೆಗೆ ಒಳಪಡಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಮತ್ತು ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವೆಂದು ಕಂಡುಬಂದಿದ್ದವು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣದ ನಿಷೇಧ ಅನ್ವಯವಾಯಿತು. ಇಲ್ಲಿ ಎರಡು ಬಗೆಯ ಬಣ್ಣಗಳನ್ನು ಬೇರ್ಪಡಿಸಿ ತಿಳಿಯಬೇಕು. ಮಿಠಾಯಿಗೆ ಗುಲಾಬಿ ಹೊಳಪು ಕೊಡುವ ರೋಡಮಿನ್ ಬಿ ಬಟ್ಟೆಗೆ ಹಾಕುವ ಬಣ್ಣ, ಅದಕ್ಕೆ ಯಾವ ಆಹಾರದಲ್ಲೂ ಅನುಮತಿಯಿಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್ ಇವುಗಳಿಗೆ ಕೆಲವು ನಿರ್ದಿಷ್ಟ ತಿನಿಸುಗಳಲ್ಲಿ ಮಿತಿಗೊಳಪಟ್ಟು ಅನುಮತಿಯಿದೆ, ಆದರೆ ಗೋಬಿ ಮಂಚೂರಿ ಆ ಪಟ್ಟಿಯಲ್ಲಿಲ್ಲ.

ವಯಸ್ಸಿನ ಪ್ರಶ್ನೆ ಇಲ್ಲಿ ಬಹಳ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಬಣ್ಣದ ಮಿಠಾಯಿಗೆ ಕೈಚಾಚುವವರು ಮಕ್ಕಳು, ಕೆಂಪು ಗೋಬಿಯ ಮುಖ್ಯ ಗಿರಾಕಿಗಳು ಶಾಲಾ ಕಾಲೇಜು ವಿದ್ಯಾರ್ಥಿಗಳು. ಕೆಂಪಿಲ್ಲದಿದ್ದರೆ ರುಚಿಯಿಲ್ಲವೆಂದು ಅವರು ಮುಂದಿನ ಗಾಡಿಗೆ ಹೋಗುತ್ತಾರೆಂಬ ಭಯದಿಂದಲೇ ಮಾರುವವರು ಬಣ್ಣ ಸುರಿಯುತ್ತಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದಕ್ಕೇ ಹೆಸರಾದದ್ದು. ಅಂಥ ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಡಬ್ಬಿಯ ಬಣ್ಣದಿಂದ ಗೋಬಿಯನ್ನು ಕೆಂಪಾಗಿಸುವುದು ನಿಜಕ್ಕೂ ಬೇಸರದ ಸಂಗತಿ. ಗಿರಾಕಿಗಳೇ ಬಣ್ಣವಿಲ್ಲದ ಗೋಬಿಯನ್ನು ಕೇಳಿ ಪಡೆಯುವಂತಾದರೆ ನಿಷೇಧಕ್ಕಿಂತ ಬೇಗ ಫಲ ಸಿಗುತ್ತದೆ.

ನಿನ್ನೆ ಪಾನಿಪುರಿ ತಿಂದೆ, ಇಂದು ಟೈಫಾಯ್ಡ್ ಎಂದರು. ಪಾನಿಪುರಿಯೇ ಕಾರಣವೇ?

ಆ ಪಾನಿಪುರಿಯಂತೂ ಅಲ್ಲ. ಟೈಫಾಯ್ಡ್ ರೋಗಾಣು ದೇಹ ಹೊಕ್ಕ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಹಿಡಿಯುತ್ತದೆ. ಹೆಪಟೈಟಿಸ್ ಎ ಕಾಣಿಸಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು. ಕಾಲರಾ ಕೆಲವು ಗಂಟೆಗಳಿಂದ ಐದು ದಿನಗಳೊಳಗೆ ತೋರುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾದರೆ ಸ್ಟ್ಯಾಫಿಲೊಕಾಕಸ್ ಅಥವಾ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾಗಳ ವಿಷದ ಸಾಧ್ಯತೆಯಿರುತ್ತದೆ. ನಾವು ಮಾತ್ರ ಯಾವಾಗಲೂ ಕೊನೆಯ ಬಾರಿ ತಿಂದದ್ದನ್ನೇ ದೂರುತ್ತೇವೆ, ಅದರಲ್ಲೂ ಮನೆಯಲ್ಲಿ ತಿಂದದ್ದನ್ನು ಬಿಟ್ಟು ಬೀದಿಯಲ್ಲಿ ತಿಂದದ್ದನ್ನು. ಇದರಿಂದ ತಪ್ಪಿಲ್ಲದ ಗಾಡಿಗೆ ಕೆಟ್ಟ ಹೆಸರು ಬರುತ್ತದೆ, ಮೂರು ವಾರದ ಹಿಂದಿನ ನಿಜವಾದ ಮೂಲ ಹಾಗೆಯೇ ಉಳಿಯುತ್ತದೆ.

ಯಾವ ವಯಸ್ಸಿನವರು ಹೆಚ್ಚು ಎಚ್ಚರ ವಹಿಸಬೇಕು?

ಐದು ವರ್ಷದೊಳಗಿನ ಮಕ್ಕಳು ಮೊದಲು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಅಂದಾಜಿನಂತೆ ಕಲುಷಿತ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ ಸಾಯುವ 4,20,000 ಜನರಲ್ಲಿ 1,25,000 ಮಂದಿ ಈ ವಯಸ್ಸಿನವರು, ಜನಸಂಖ್ಯೆಯಲ್ಲಿ ಅವರ ಪಾಲು ಶೇ 9 ಮಾತ್ರ. ಅವರ ಪುಟ್ಟ ದೇಹದಿಂದ ನೀರಿನಂಶ ಬಹಳ ಬೇಗ ಹೊರಟುಹೋಗುತ್ತದೆ. ಭೇದಿ ಶುರುವಾದೊಡನೆ ಓಆರ್‌ಎಸ್ ಕೊಡಲಾರಂಭಿಸಿ, ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗರ್ಭಿಣಿಯರಿಗೆ, ಕಲುಷಿತ ನೀರಿನಿಂದ ಹರಡುವ ಇನ್ನೊಂದು ಬಗೆಯ ಕಾಮಾಲೆಯಾದ ಹೆಪಟೈಟಿಸ್ ಇ ವಿಶೇಷವಾಗಿ ಅಪಾಯಕಾರಿ, ಕೊನೆಯ ಮೂರು ತಿಂಗಳಲ್ಲಿ ಪ್ರಾಣಕ್ಕೇ ಸಂಚಕಾರ ತರಬಲ್ಲದು. ಬಯಕೆಯೆಂದು ಪಾನಿಪುರಿ ಕೇಳಿದರೆ ಕಾಯಿಸಿ ಆರಿಸಿದ ನೀರಿನಲ್ಲಿ ಮನೆಯಲ್ಲೇ ಪಾನಿ ಮಾಡಿಕೊಡುವುದು ನಿಷೇಧಕ್ಕಿಂತ ಪ್ರೀತಿಯ ದಾರಿ. ಅರವತ್ತು ದಾಟಿದವರಲ್ಲಿ ರೋಗನಿರೋಧಕ ಶಕ್ತಿ ಇಳಿದಿರುತ್ತದೆ, ಅನೇಕರು ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಗಳನ್ನು ದಿನವೂ ನುಂಗುತ್ತಿರುತ್ತಾರೆ. ಆ ಆಮ್ಲವೇ ಕ್ರಿಮಿಗಳಿಗೆ ಮೊದಲ ತಡೆ. ಎಂದೂ ಏನೂ ಆಗದ ಅಜ್ಜನಿಗೆ ಎಪ್ಪತ್ತೈದರಲ್ಲಿ ಮೊದಲ ಸಲ ತೊಂದರೆಯಾಗುವುದಕ್ಕೆ ಇದೂ ಒಂದು ಕಾರಣ. ಸಕ್ಕರೆ ಕಾಯಿಲೆ ಇರುವವರೂ ಇದೇ ಸಾಲಿಗೆ ಸೇರುತ್ತಾರೆ.

ಹೋಟೆಲಿನಿಂದ ಅಥವಾ ಆ್ಯಪ್ ಮೂಲಕ ತರಿಸಿದ್ದು ಬೀದಿಯದಕ್ಕಿಂತ ಸ್ವಚ್ಛವಲ್ಲವೇ?

ಹಾಗೆಂದು ಖಚಿತವಾಗಿ ಹೇಳಲಾಗದು. ಗಾಡಿಯಲ್ಲಿ ಅಡುಗೆ ಮನೆ ನಿಮ್ಮ ಕಣ್ಣೆದುರಿಗಿರುತ್ತದೆ, ಹೋಟೆಲಿನಲ್ಲಿ ಗೋಡೆಯ ಹಿಂದೆ. ಮನೆ ಬಾಗಿಲಿಗೆ ಬರುವ ಪೊಟ್ಟಣದಲ್ಲಿ ದಾರಿಯ ಸಮಯವೂ ಸೇರಿಕೊಳ್ಳುತ್ತದೆ. ಹೋಟೆಲಿಗಿರುವ ದೊಡ್ಡ ಅನುಕೂಲವೆಂದರೆ ಹರಿಯುವ ನೀರು, ಶೈತ್ಯಪೆಟ್ಟಿಗೆ ಮತ್ತು ಶೌಚಾಲಯ.

ವ್ಯಾಪಾರಿಗಳೇ ಏಕೆ ಇದನ್ನೆಲ್ಲ ಸರಿಪಡಿಸಿಕೊಳ್ಳುವುದಿಲ್ಲ?

ಈ ಪ್ರಶ್ನೆಯನ್ನು ಕೇಳುವ ಮೊದಲು ಒಂದು ಗಾಡಿಯ ಪಕ್ಕದಲ್ಲಿ ನಿಂತು, ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ನೋಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಮಾರುವ ಜಾಗದಲ್ಲಿ ನಲ್ಲಿಯಿಲ್ಲ. ಎರಡು ಬಿಂದಿಗೆ ಅಥವಾ 20 ಲೀಟರಿನ ಒಂದು ಕ್ಯಾನಿನಲ್ಲಿ ಕುಡಿಯುವುದು, ಕೈ ತೊಳೆಯುವುದು, ತಟ್ಟೆ ತೊಳೆಯುವುದು ಎಲ್ಲವೂ ಮುಗಿಯಬೇಕು. ಹತ್ತಿರದಲ್ಲಿ ಶೌಚಾಲಯವಿಲ್ಲ, ಹೆಣ್ಣುಮಕ್ಕಳು ನಡೆಸುವ ಗಾಡಿಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಕಸ ಹಾಕಲು ಸ್ಥಳವಿಲ್ಲ. ಯಾವ ಹೊತ್ತಿನಲ್ಲಿ ಎತ್ತಂಗಡಿ ಮಾಡಿಸುತ್ತಾರೋ ತಿಳಿಯದವರು ಗಾಡಿಗೆ ನಲ್ಲಿ, ತೊಟ್ಟಿ ಜೋಡಿಸಲು ಹಣ ಹಾಕುವುದು ಹೇಗೆ?

ಕಾನೂನು ಇಲ್ಲದೆ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ, ಮಾರಾಟದ ಪ್ರಮಾಣಪತ್ರ, ಮತ್ತು ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರುವ ಪಟ್ಟಣ ವ್ಯಾಪಾರ ಸಮಿತಿಗಳನ್ನು ಕಡ್ಡಾಯ ಮಾಡಿದೆ. 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆ ಮೊದಲ ಕಂತಿಗೆ 10,000 ರೂಪಾಯಿ ಸಾಲ ಕೊಡಲಾರಂಭಿಸಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಕೆಲವು ತಿಂಡಿ ಬೀದಿಗಳನ್ನು ಸ್ವಚ್ಛ ಬೀದಿ ಆಹಾರ ತಾಣಗಳೆಂದು ಗುರುತಿಸುವ ವ್ಯವಸ್ಥೆ ಮಾಡಿದೆ. ಅಹಮದಾಬಾದಿನ ಕಾಂಕರಿಯಾ ಕೆರೆಯ ಪ್ರದೇಶಕ್ಕೆ 2018ರಲ್ಲಿ ಮೊದಲ ಮಾನ್ಯತೆ ದೊರೆಯಿತು. ಇವೆಲ್ಲ ಒಳ್ಳೆಯವೇ. ಆದರೆ ಪ್ರತಿ ತಿಂಡಿ ಬೀದಿಗೂ ಪಾಲಿಕೆ ಒಂದು ಕುಡಿಯುವ ನೀರಿನ ನಲ್ಲಿ, ಒಂದು ಚರಂಡಿ ಸಂಪರ್ಕ ಮತ್ತು ಒಂದು ಶೌಚಾಲಯ ಕೊಟ್ಟರೆ ಎಷ್ಟೋ ತಪಾಸಣೆಗಳಿಂದ ಆಗದ ಕೆಲಸ ಆಗುತ್ತದೆ. ವ್ಯಾಪಾರಿಯ ಕೊಳಕು ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಊರಿನ ಕೊರತೆ.

ಮೂರು ತಲೆಮಾರು ಒಟ್ಟಿಗೆ ತಿನ್ನಲು ಹೊರಟಾಗ ಏನು ಮಾಡಬೇಕು?

ಪ್ರತಿಯೊಬ್ಬರ ಕಣ್ಣನ್ನೂ ಕೆಲಸಕ್ಕೆ ಹಚ್ಚಬೇಕು. ಬಿಸಿಯಾಗಿ ಎದುರಿಗೇ ಮಾಡುತ್ತಾರೆಯೇ ಎಂದು ಅಜ್ಜಿ ನೋಡಲಿ, ನೀರನ್ನೂ ಎಣ್ಣೆಯನ್ನೂ ತಾಯಿ ನೋಡಲಿ, ಮಾಲು ಬೇಗ ಖರ್ಚಾಗುವ ಗಾಡಿಯನ್ನು ಮೊಮ್ಮಗ ಹುಡುಕಲಿ. ಕುಡಿಯುವ ನೀರನ್ನು ಮನೆಯಿಂದ ಒಯ್ಯಿರಿ, ತಿನ್ನುವ ಮುನ್ನ ನಿಮ್ಮ ಕೈಯನ್ನೂ ತೊಳೆಯಿರಿ. ಮಾರುವವನ ಕೈಯನ್ನು ಪರೀಕ್ಷಿಸುವ ಎಷ್ಟೋ ಜನ ಬಸ್ಸಿನ ಕಂಬಿ ಹಿಡಿದ ತಮ್ಮ ಕೈಯನ್ನು ಮರೆಯುತ್ತಾರೆ.

ತಿಂಡಿಯ ಬಗ್ಗೆ ಅನುಮಾನ ಬಂದರೆ ಎಲ್ಲಿ ದೂರು ಕೊಡಬೇಕು?

ಮೊದಲು ಮಾರುವವರಿಗೇ ನಯವಾಗಿ ಹೇಳಿ, ಬಹುತೇಕರು ಕೇಳಿಸಿಕೊಳ್ಳುತ್ತಾರೆ. ವಿಷಯ ಗಂಭೀರವಾಗಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಬರೆದುಕೊಡಬಹುದು, ಅಥವಾ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದಾಖಲಿಸಬಹುದು. ಗಾಡಿಯ ಸ್ಥಳ, ದಿನಾಂಕ, ಸಮಯ ಮತ್ತು ಚಿತ್ರ ಇದ್ದರೆ ದೂರಿಗೆ ಬೆಲೆ ಬರುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ ಕೊಂಡುಕೊಂಡ ಆಹಾರವನ್ನು ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಪ್ರತಿ ಗಿರಾಕಿಗೂ ಇದೆ. ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು.